ಗಂಧ ಹಚ್ಚಿದ ರ್ಯಾಮ್

ಈ ಸಲ ಸರಸ್ವತಿ ಪೂಜೆಗೆ ಮುಂಚೆ ನನ್ನ ಹಳೆಯ ಕಂಪ್ಯೂಟರಿನ ಧೂಳು ಹೊಡೆಯಲು ಕುಳಿತೆ. ಕ್ಯಾಬಿನೆಟ್ ಬಿಚ್ಚಿದರೆ ಎರಡನೇ ರ್ಯಾಮ್‌ನ, ಆ ಹಸಿರು ಮೆಮರಿ ಪಟ್ಟಿಯ, ಮೂಲೆಯಲ್ಲಿ ಒಣಗಿದ ಗಂಧ ಇನ್ನೂ ಅಂಟಿಕೊಂಡಿತ್ತು. ಮೂಗಿನ ಹತ್ತಿರ ಹಿಡಿದೆ. ವಾಸನೆ ಎಂದೋ ಹೋಗಿದೆ... ನನ್ನ ಕಣ್ಣಿಗೆ ಮಾತ್ರ ಎದುರುಮನೆ ಮಾಮಿಯ ದೇವರಮನೆ ಹಾಗೇ ಬಂದು ನಿಂತಿತು.

ವೆಸ್ಟ್ ಮಾಂಬಲಂನಲ್ಲಿ ನಮ್ಮಿಬ್ಬರ ಬಾಗಿಲು ಎದುರುಬದುರು. ಮಾಮಿಯದು ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದ ಕನ್ನಡದ ಮನೆ. ಕಂಪ್ಯೂಟರಿನಲ್ಲಿ ದೂರದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ನನ್ನದನ್ನು ನೋಡಿ ಅಂಥದ್ದೇ ಕೊಂಡಿದ್ದರು. ಎರಡರಲ್ಲೂ ನಾಲ್ಕು ಜಿಬಿಯ ಒಂದೊಂದೇ ರ್ಯಾಮ್.

ಮದುವೆಯಾಗಿ ಈ ಊರಿಗೆ ಬಂದಮೇಲೆ ನನಗೆ ಕೆಲಸವಿರಲಿಲ್ಲ. ದುಡಿಯಬಲ್ಲೆ ಎಂಬ ನಂಬಿಕೆಯೇ ಹೋಗುತ್ತಿತ್ತು. ಅಲೆದೂ ಅಲೆದೂ ಕೊನೆಗೆ ವಡಪಳನಿಯ ಒಂದು ಸ್ಟುಡಿಯೊದವರು ಪರೀಕ್ಷೆಗೆಂದು ಕಿರುಚಿತ್ರವೊಂದನ್ನು ಎಡಿಟ್ ಮಾಡಲು ಕೊಟ್ಟರು. ವಿಜಯದಶಮಿಯ ಸಂಜೆಯೊಳಗೆ ಕಳಿಸಿದರೆ ಕೆಲಸ ನನ್ನದು. ಎಡಿಟಿಂಗ್ ಮುಗಿದಿತ್ತು, ಆದರೆ ಪೂರ್ತಿ ಚಿತ್ರವನ್ನು ಒಂದು ಫೈಲ್ ಮಾಡಹೊರಟರೆ ಮೆಮರಿ ಸಾಲದೆ ಕಂಪ್ಯೂಟರ್ ಅರ್ಧದಲ್ಲೇ ಕೈಕೊಡುತ್ತಿತ್ತು. ಸರಸ್ವತಿ ಪೂಜೆಯ ದಿನ ಮಾಮಿಯ ರ್ಯಾಮ್ ಕೇಳಲು ಓಡಿದೆ.

ಅದು ಆಗಲೇ ದೇವರ ಮುಂದೆ ಕೂತಿತ್ತು. ವೀಣೆ, ಪುಸ್ತಕಗಳ ಪಕ್ಕ, ಗಂಧ ಕುಂಕುಮ ಹಚ್ಚಿಸಿಕೊಂಡು.

"ಅಷ್ಟು ದೊಡ್ಡ ಡಬ್ಬ ಎಲ್ಲಿ ಎತ್ಕೊಂಡು ಬರ್ಲಿ ಕಣ್ಣಾ? ಅದರ ಬುದ್ಧಿ ಇರೋದು ಇದರಲ್ಲಿ ತಾನೆ?" ಎಂದರು ಮಾಮಿ.

ಪೂಜೆಗಿಟ್ಟದ್ದನ್ನು ಮರುದಿನ ಮತ್ತೆ ಪೂಜೆ ಮಾಡಿ ತೆಗೆಯುವವರೆಗೆ ಮುಟ್ಟುವಂತಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಬೆಳಿಗ್ಗೆ ಅವರೇ ಸ್ಟೀಲ್ ಡಬ್ಬಿಯಲ್ಲಿಟ್ಟು ತಂದರು. ವಿಜಯದಶಮಿಯ ಹೊಸ ಪಾಠಕ್ಕೆ ಶಿಷ್ಯೆ ಕಾಯುತ್ತಿದ್ದಳು, ರ್ಯಾಮ್ ಇಲ್ಲದೆ ಕಂಪ್ಯೂಟರ್ ನಡೆಯದು, ಫೋನಿನಲ್ಲೇ ಹೇಳಿಕೊಡುತ್ತೇನೆಂದರು. ನಾನು ರ್ಯಾಮ್ ಸಿಕ್ಕಿಸಿ ಸ್ವಿಚ್ ಒತ್ತಿದೆ. ಬೀಪ್, ಬೀಪ್. ಪರದೆ ಕಪ್ಪು. ತೆಗೆದು ನೋಡಿದರೆ ಗಂಧ ಇಳಿದು, ಅಂಚಿನಲ್ಲಿ ಕಂಪ್ಯೂಟರಿಗೆ ಕಚ್ಚಿಕೊಳ್ಳುವ ಚಿನ್ನದ ಬಣ್ಣದ ಹಲ್ಲುಗಳ ಮೇಲೆಲ್ಲ ಒಣಗಿತ್ತು. ಮಾಮಿಯ ಮುಖ ಸಣ್ಣದಾಯಿತು.

"ನಿನ್ನ ಕೆಲಸ ನಾನೇ ಕೆಡಿಸಿಬಿಟ್ನಾ?"

ನನ್ನ ಕೋಪ ಎಲ್ಲಿ ಹೋಯಿತೋ... ಪೆನ್ಸಿಲ್ ಅಳಿಸುವ ರಬ್ಬರಿನಿಂದ ನಾನು ಹಲ್ಲುಗಳನ್ನು ಉಜ್ಜಿದೆ, ಉದುರಿದ ಪುಡಿಯನ್ನು ಅವರು ಒಣಬಟ್ಟೆಯಲ್ಲಿ ಒರೆಸಿದರು. ಮತ್ತೆ ಒತ್ತಿದೆ. ಪರದೆ ಬೆಳಗಿತು. ಎಂಟು ಜಿಬಿ!

ಫೋನಿನ ಪಾಠ ಮುಗಿಸಿ ಬಂದ ಮಾಮಿ ಆಮೇಲೆ ಕದಲಲಿಲ್ಲ. ಫೈಲ್ ಎಷ್ಟಾಯಿತೆಂದು ತೋರಿಸುವ ಪರದೆಯ ಗೆರೆ ಅರ್ಧ ದಾಟಿದಾಗ ನನ್ನ ಕೈ ಹಿಡಿದುಕೊಂಡರು. ತುದಿ ಮುಟ್ಟಿದಾಗ ಕುಣಿದೆವು, ನಿಜವಾಗಿಯೂ ಕುಣಿದೆವು. ಚಿತ್ರ ಹೊತ್ತಿಗೆ ಮುಂಚೆಯೇ ತಲುಪಿತು, ಕೆಲಸ ಸಿಕ್ಕಿತು. ಮಾಮಿ ಹೂವಿನವಳನ್ನೂ ಬಿಡದೆ ಎಲ್ಲರಿಗೂ ಹೇಳಿಕೊಂಡು ಬಂದರು: "ಆ ಪಡಂನಲ್ಲಿ ಪಾದಿ ನಂದು." ಅರ್ಧ ಎಂದರೆ ಅರ್ಧವೇ, ನಾಲ್ಕು ಅವರದು, ನಾಲ್ಕು ನನ್ನದು.

ಪಾತ್ರೆಯನ್ನು ಖಾಲಿ ಹಿಂತಿರುಗಿಸುವ ಪದ್ಧತಿ ನಮ್ಮಿಬ್ಬರ ಮನೆಯಲ್ಲೂ ಇರಲಿಲ್ಲ. ಡಬ್ಬಿಗೆ ಕಡಲೆ ಉಸಲಿ, ಇಲ್ಲಿಯವರ ಸುಂಡಲ್, ತುಂಬಿ, ರ್ಯಾಮನ್ನು ಬೇರೆ ಸುತ್ತಿ ಕೊಟ್ಟೆ. ಆಮೇಲೆ ವರ್ಷಗಟ್ಟಲೆ ಆ ಡಬ್ಬಿ ಓಡಾಡಿತು. ನನ್ನ ಕೆಲಸ ಹೆಚ್ಚಾದಾಗ ಅವರ ರ್ಯಾಮ್ ಇಲ್ಲಿಗೆ, ಅವರ ಶಿಷ್ಯರ ಆನ್‌ಲೈನ್ ಸಂಗೀತ ಕಛೇರಿಯಿದ್ದಾಗ ನನ್ನದು ಅಲ್ಲಿಗೆ.

ಕೊನೆಯ ಸಲ ಬಂದದ್ದು ನನ್ನ ಕಡೆಗೆ. ಹಿಂತಿರುಗಿಸುವಷ್ಟರಲ್ಲಿ ಮಾಮಿ ಹೋಗಿಬಿಟ್ಟರು...

ಅವರ ಬಾಗಿಲ ಮೇಲೆ ಈಗ ಬೇರೆ ಹೆಸರಿದೆ. ವಡಪಳನಿಯಲ್ಲಿ ನನ್ನದೇ ಎಡಿಟಿಂಗ್ ಕೋಣೆಯಿದೆ, ಎಷ್ಟೋ ಪಟ್ಟು ಮೆಮರಿಯ ಕಂಪ್ಯೂಟರುಗಳಿವೆ. ಆದರೂ ಈ ಸಲ ಪೂಜೆಗಿಟ್ಟದ್ದು ಮಾಮಿಯ ಹಸಿರು ಪಟ್ಟಿಯನ್ನೇ. ಗಂಧ ಹಚ್ಚಿದೆ, ಹಲ್ಲುಗಳಿಗೆ ತಾಗದಂತೆ. ಪಕ್ಕದಲ್ಲಿ ಅವರ ಡಬ್ಬಿ, ಅದರ ತುಂಬ ಸುಂಡಲ್. ಖಾಲಿ ಇಡಲು ಕೈ ಬರಲಿಲ್ಲ.