ಒಪ್ಪಿಕೊಂಡು ಕೈತೊಳೆದ ದಿನ

ಕೋರ್ಟಿಗೆ ಅಲೆದು ಸುಸ್ತಾದವರಿಗೆ ನಮ್ಮ ಕಡೆ ಒಂದು ಮಾತು ಹೇಳುತ್ತಾರೆ: 'ಒಪ್ಕಂಡು ಕೈತೊಳ್ಕೊ.' ಮಾಡಿದ್ದೀಯೋ ಬಿಟ್ಟಿದ್ದೀಯೋ ಯಾರಿಗೂ ಬೇಕಿಲ್ಲ. ತಪ್ಪಾಯಿತು ಅಂದರೆ ಸಣ್ಣ ದಂಡದಲ್ಲಿ ಮುಗಿಯುತ್ತದೆ. ಗಂಡ ಹೆಂಡಿರ ಜಗಳಕ್ಕೂ ಇದನ್ನೇ ಹೇಳಿ ನಗುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ.

ಬಿಡದಿಯಲ್ಲಿ ಸಾಲುಸಾಲು ಕಾರ್ಖಾನೆಗಳು ಎದ್ದ ಕಾಲ. ವಿರೂಪಾಕ್ಷಿಪುರದ ಕಡೆಯ ನಮ್ಮೂರಿಂದ ನಾನೂ ಹೋಗಿ ಗುತ್ತಿಗೆ ಕೆಲಸಕ್ಕೆ ಸೇರಿದ್ದೆ. ಊರಲ್ಲಿ ನಮ್ಮ ಪಕ್ಕದ ಹೊಲದವರನ್ನು ಚಿಕ್ಕಂದಿನಿಂದ ಅಣ್ಣ ಅನ್ನುತ್ತಿದ್ದೆ. ನನಗೆ ಈಜು ಕಲಿಸಿದವರು ಅವರೇ. ಒಮ್ಮೆ ಬದುವಿನ ವಿಷಯಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಅವರ ಹಿಪ್ಪುನೇರಳೆ ಗಿಡಗಳನ್ನು ಯಾರೋ ಕಡಿದು ಹಾಕಿದ್ದರು. ಮನೆಯಲ್ಲಿದ್ದ ರೇಷ್ಮೆಹುಳುಗಳು ಸೊಪ್ಪಿಲ್ಲದೆ ಸತ್ತವು. ಜಗಳವಾಡಿದವನು ನಾನು, ಕೇಸೂ ನನ್ನ ಮೇಲೆ. ನಾನು ಕಡಿದಿರಲಿಲ್ಲ.

ಚನ್ನಪಟ್ಟಣದ ಕೋರ್ಟಿಗೆ ತಿಂಗಳು ತಿಂಗಳೂ ರಜೆ ಹಾಕಬೇಕು. 'ಇನ್ನೊಂದ್ ರಜಾ ಹಾಕುದ್ರೆ ಬರೋದೇ ಬ್ಯಾಡ' ಎಂದ ಸೂಪರ್‌ವೈಸರ್. ವಕೀಲರು ನನ್ನ ಮುಖ ನೋಡಿ 'ಒಪ್ಕಂಡು ಕೈತೊಳ್ಕೊ' ಅಂದರು. ಜಡ್ಜ್ ಮುಂದೆ ನಿಂತು 'ಹೌದು ಸ್ವಾಮಿ, ನಾನೇ ಕಡಿದೆ' ಅಂದೆ. ಎರಡು ನಿಮಿಷದ ಕೆಲಸ. ಮಧ್ಯಾಹ್ನದ ಪಾಳಿಗೆ ಹೋಗಬಹುದಲ್ಲ ಎಂದು ಖುಷಿಯೂ ಆಯಿತು, ಈ ನಾಚಿಕೆಗೆಟ್ಟವನಿಗೆ.

ಹೊರಗೆ ಹೊಂಗೆ ಮರದಡಿ ಅಣ್ಣ ನಿಂತಿದ್ದರು.

"ರಾಜಿ ಆಗಾಣ ಅಂತ ಬಂದಿದ್ದೆ ಕಣ್ಲಾ. ನೀನಲ್ಲ ಅಂತ ಮನ್ಸು ಹೇಳ್ತಾನೇ ಇತ್ತು. ಈಗ ನೀನೇ ಹೇಳ್ಬುಟ್ಟಲ್ಲ."

"ಕೆಲ್ಸ ಹೋಯ್ತದೆ ಅಂತ ಸುಳ್ಳು ಹೇಳ್ದೆ ಕಣಣ್ಣ."

"ಯಾವ್ದ್ಲಾ ಸುಳ್ಳು? ಒಳಗೆ ಹೇಳಿದ್ದೋ, ಈಗ ಹೇಳ್ತಿರೋದೋ?"

ಅವರು ಬಸ್‌ ಸ್ಟ್ಯಾಂಡಿನ ಕಡೆ ಹೋದರು, ನಾನು ರೈಲ್ವೆ ಸ್ಟೇಷನ್ನಿನ ಕಡೆ.

ಅಷ್ಟು ಮಾಡಿ ಉಳಿಸಿಕೊಂಡ ಕೆಲಸ ಮರುವರ್ಷವೇ ಹೋಯಿತು. ಮತ್ತೆ ಹೊಲಕ್ಕೆ ಬಂದೆ. ಒಂದೇ ಬದುವಿನ ಆ ಕಡೆ ಅವರು, ಈ ಕಡೆ ನಾನು. ಅವರು ಬೈಯುವುದಿಲ್ಲ, ಬೈದಿದ್ದರೆ ಜೀವಕ್ಕೆ ಎಷ್ಟೋ ಹಿತವಾಗುತ್ತಿತ್ತು. ಬುತ್ತಿ ಬಿಚ್ಚಿಕೊಂಡು ಒಬ್ಬನೇ ಉಣ್ಣುತ್ತೇನೆ. ಹೊತ್ತು ಮುಳುಗಿದರೂ ಅವರು ಗಿಡಗಳ ಮಧ್ಯೆ ಏನೋ ಕೆಲಸವಿದ್ದಂತೆ ಓಡಾಡುತ್ತಿರುತ್ತಾರೆ. ನಾನು ಮಚ್ಚು ಎತ್ತಿಕೊಂಡು ಮನೆಯ ದಾರಿ ಹಿಡಿದ ಮೇಲೆಯೇ ಅವರೂ ಹೊರಡುವುದು.