ದಪ್ಪವಾಗುತ್ತಿದ್ದ ದಿಂಬು

ಮಗ್ಗದಲ್ಲಿ ಕೂರುವ ಹಲಗೆಯ ದಿಂಬಿಗೆ ಇನ್ನಷ್ಟು ಹತ್ತಿ ತುರುಕುತ್ತಿದ್ದೆ. ಪಕ್ಕದಲ್ಲಿ ರೇಷ್ಮೆ ನೂಲು ಸುತ್ತುತ್ತಿದ್ದ ದೊಡ್ಡವ್ವ ಅದನ್ನು ಕಿತ್ತುಕೊಂಡಳು.

"ಇಂಗೇ ದಿಂಬು ದಪ್ಪ ಮಾಡ್ಕಂಡು ಮಾಡ್ಕಂಡೇ ನಿಮ್ಮಪ್ಪ ಓದ ಕಣವ್ವಾ. ನಿಂಗೂ ರಕ್ತ ಓಯ್ತದಾ?"

ಹೌದು, ಮೂರು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿತ್ತು. ನನಗಿನ್ನೂ ಇಪ್ಪತ್ತಾರು. ಕೊಳ್ಳೇಗಾಲದ ನಮ್ಮ ನೇಕಾರರ ಬೀದಿಯಲ್ಲಿ ಇದಕ್ಕೆ ಯಾರೂ ಹೆದರುವುದಿಲ್ಲ. ದಿನವಿಡೀ ಕೂತವರಿಗೆ ಮೂಲವ್ಯಾಧಿ ಬರುತ್ತದೆ ಎಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತೇವೆ. ಅಪ್ಪ ತೀರಿಕೊಂಡಿದ್ದೂ ಅದರಿಂದಲೇ ಎಂದು ನಂಬಿದ್ದೆ. ಮೂಲವ್ಯಾಧಿಯಿಂದ ಮೂವತ್ತೊಂಬತ್ತಕ್ಕೇ ಯಾರಾದರೂ ಸಾಯುತ್ತಾರೆಯೇ ಎಂದು ಆವತ್ತಿನವರೆಗೂ ಯೋಚಿಸಿರಲಿಲ್ಲ, ಪೆದ್ದಿ!

ಮರುದಿನವೇ ಆಸ್ಪತ್ರೆಗೆ ಹೋದೆ. ಅಪ್ಪ ತೀರಿಕೊಂಡಾಗಿನ ವಯಸ್ಸು ಹೇಳಿದೊಡನೆ ಡಾಕ್ಟರು ಬರೆಯುವುದನ್ನು ಬಿಟ್ಟು ತಲೆಯೆತ್ತಿದರು. ಮೈಸೂರಿಗೆ ಕಳಿಸಿದರು. ಅಲ್ಲಿ ಕ್ಯಾಮೆರಾ ಇರುವ ನಳಿಕೆ ಬಿಟ್ಟು ನೋಡಿ, ದೊಡ್ಡ ಕರುಳಿನಲ್ಲಿದ್ದ ಗಂಟುಗಳನ್ನು ತೆಗೆದರು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗಬಹುದಿತ್ತಂತೆ. ಅಪ್ಪನಿಗೂ ಇದೇ ಇದ್ದಿರಬೇಕು, ವಂಶದಲ್ಲಿ ಬರುವಂಥದ್ದು, ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ ಎಂದರು.

ಮನೆಗೆ ಬಂದಾಗ ತಮ್ಮ ನನ್ನ ದಿಂಬಿನ ಮೇಲೆಯೇ ಕೂತು ನೇಯುತ್ತಿದ್ದ. "ನಿಂಗೂ ರಕ್ತ ಓಯ್ತದೇನ್ಲಾ?" ಎಂದು ಕೇಳಿದೆ. ಅವನ ಕೈಯ ಲಾಳಿ ನಿಂತುಹೋಯಿತು.