ಮಾವ ಕೆರೆದು ತೆಗೆದ ಮುಖ

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆದರೆ ಸೀಮೆಎಣ್ಣೆಯೂ ಶಾಯಿಯೂ ಬೆರೆತ ವಾಸನೆ ಎಲ್ಲಾದರೂ ಬಂದರೆ ಮಧುಗಿರಿಯ ಅಜ್ಜಿಮನೆಯ ಹಿಂದಿನ ಕೋಣೆ ಕಣ್ಣ ಮುಂದೆ ನಿಲ್ಲುತ್ತದೆ. ಅಮ್ಮನ ತಮ್ಮ, ನಮ್ಮ ಮಾವ, ಅಲ್ಲಿ ತಗಡಿನಿಂದ ಕಾಗದಕ್ಕೆ ಅಚ್ಚೊತ್ತಿ ತೆಗೆಯುವ ಮೆಜೋಟಿಂಟ್ ಚಿತ್ರಗಳನ್ನು ಮಾಡುತ್ತಿದ್ದರು. ಸಣ್ಣ ಹಲ್ಲುಗಳಿದ್ದ ಬಾಗಿದ ಉಳಿಯನ್ನು ತಾಮ್ರದ ತಗಡಿನ ಮೇಲೆ ತೊಟ್ಟಿಲಿನಂತೆ ತೂಗುತ್ತ ಇಡೀ ತಗಡನ್ನು ತರಿತರಿ ಮಾಡುತ್ತಿದ್ದರು. ಆ ಕರಕರ ಸದ್ದಿಗೆ ಮಧ್ಯಾಹ್ನ ನನಗೆ ನಿದ್ದೆ ಬರುತ್ತಿತ್ತು. "ಒಳ್ಳೇ ತಗಡು ಕಣ್ಲಾ, ಒಂದು ಚೊಂಬಾದ್ರೂ ಆಗಿರೋದು," ಎಂದು ಅಜ್ಜಿ ಅಡುಗೆಮನೆಯಿಂದಲೇ ಚುಚ್ಚುತ್ತಿದ್ದಳು. ಹಾಗೇ ಶಾಯಿ ಹಚ್ಚಿ ಒತ್ತಿದರೆ ಕಾಗದದ ಮೇಲೆ ಬರೀ ಕಪ್ಪು. ಬೆಳಕು ಬೇಕಾದ ಕಡೆಯಲ್ಲೆಲ್ಲ ಮಾವ ತರಿಯನ್ನು ಕೆರೆದು ನುಣುಪು ಮಾಡುತ್ತಿದ್ದರು. "ಕತ್ಲೆ ಮೊದ್ಲೇ ಐತೆ ಕಣಮ್ಮ, ಮುಖಾನ ಅದರೊಳಗಿಂದ ತೆಗೀಬೇಕು," ಅಂದಿದ್ದರು. ಅವರೇ ಅಂದದ್ದೋ, ದೊಡ್ಡವಳಾದ ಮೇಲೆ ನಾನು ಅವರ ಬಾಯಲ್ಲಿ ಇಟ್ಟದ್ದೋ, ಖಚಿತವಿಲ್ಲ.

ಆ ಮನೆ ಈಗಿಲ್ಲ, ಮಾವನೂ ಇಲ್ಲ. ಉಳಿದದ್ದು ಪಾವಗಡದಲ್ಲಿ ದೊಡ್ಡಮ್ಮನ ಮನೆಯ ಗೋಡೆಯ ಮೇಲಿನ ಅಂಗೈಯಗಲದ ಒಂದು ಚಿತ್ರ. ಕಪ್ಪಿನೊಳಗಿಂದ ಎದ್ದುಬಂದ ಹೆಂಗಸೊಬ್ಬಳ ಪಕ್ಕದ ನೋಟ. ಬಲಗೆನ್ನೆ ಮಾತ್ರ ಕಾಣುತ್ತದೆ, ಬಲಮೂಗಿನಲ್ಲಿ ಬೊಟ್ಟು. ಅಮ್ಮ, ದೊಡ್ಡಮ್ಮ ಇಬ್ಬರದೂ ಒಂದೇ ಮುಖ ಎಂದು ಅಜ್ಜಿ ಹೇಳುತ್ತಿದ್ದಳು. ದೊಡ್ಡಮ್ಮನಿಗೆ ಮೂಗು ಚುಚ್ಚಿದ್ದು ಬಲಕ್ಕೆ. ಅಮ್ಮನಿಗೆ ಬಲಗಡೆ ಕೀವಾಗಿ, ಆಮೇಲೆ ಎಡಕ್ಕೆ ಚುಚ್ಚಿಸಿದ್ದರಂತೆ. ಹಾಗಾಗಿ ಚಿತ್ರ ದೊಡ್ಡಮ್ಮನದೇ ಎಂದು ಎಲ್ಲರೂ ಒಪ್ಪಿದ್ದರು. ನಾನು ನಡೆಯಲು ಕಲಿಯುವ ಮೊದಲೇ ತೀರಿಹೋದ ಅಮ್ಮನ ಒಂದು ಫೋಟೋವೂ ಇಲ್ಲ.

ಮೊನ್ನೆ ಅದನ್ನು ನೋಡುತ್ತ ನಿಂತಾಗ, ಇಷ್ಟು ವರ್ಷ ಹೊಳೆಯದ್ದು ಹೊಳೆಯಿತು. ತಗಡಿನಲ್ಲಿ ಮಾಡಿದ್ದು ಕಾಗದದ ಮೇಲೆ ಎಡಬಲ ಬದಲಾಗಿ ಬರುತ್ತದೆ. ಮಾವ ಕಂಡದ್ದನ್ನು ಕಂಡ ಹಾಗೇ ಕೆರೆದಿದ್ದರೆ, ಅವರ ಮುಂದೆ ಕೂತವಳ ಬೊಟ್ಟು ಎಡಮೂಗಿನಲ್ಲಿತ್ತು. ಅಂದರೆ ಅದು ಅಮ್ಮ. ಆದರೆ ಮಾವ ಕೆಲಸ ಬಲ್ಲವರು, ಮೊದಲೇ ತಿರುಗಿಸಿಕೊಂಡು ಮಾಡಿರಲೂಬಹುದು. ನನಗೆ ಬೇಕಾದದ್ದನ್ನೇ ನಾನು ಕಾಣುತ್ತಿದ್ದೇನೆಯೆ ಎಂದು ಕಸಿವಿಸಿಯಾಯಿತು.

ದೊಡ್ಡಮ್ಮ ಚಿತ್ರವನ್ನು ಗೋಡೆಯಿಂದ ಇಳಿಸಿ ಮೊಮ್ಮಗಳಿಗೆ ತೋರಿಸಿದಳು. "ನೋಡೇ, ಹೆಂಗಿದ್ದೆ ನಾನು. ಸಿನಿಮಾದೋರು ಕಂಡಿದ್ರೆ ಬುಡ್ತಿರ್ಲಿಲ್ಲ." ಹುಡುಗಿ ನಗುತ್ತ ಆಚೆ ಓಡಿದಳು. ದೊಡ್ಡಮ್ಮ ಸೆರಗಿನಿಂದ ಗಾಜು ಒರೆಸತೊಡಗಿದಳು. ಆ ಹೊತ್ತಿನಲ್ಲಿ ಕೇಳಬಾರದಿತ್ತೇನೋ.

"ದೊಡ್ಡಮ್ಮ, ನೀನು ಯಾವತ್ತಾದ್ರೂ ಚಿತ್ರಕ್ಕೆ ಅಂತ ಮಾವನ ಮುಂದೆ ಕೂತಿದ್ಯಾ?"

ಒರೆಸುತ್ತಿದ್ದ ಕೈ ನಿಂತಿತು. ನಾನು ಬಸ್ಸು ಹತ್ತುವವರೆಗೂ ಅವಳು ಬೇರೆ ಮಾತುಗಳನ್ನೆಲ್ಲ ಆಡಿದಳು.